ನಾ ಅದೀನಿ

ಹೋದ ವರ್ಷ ಮುಂಗಾರಿನ ಮೊದಲ ಮಳೆಗಳು ಬಿದ್ದ ಹೊತ್ತಿಗೆ ನಾನು ಬೆಳವಣಕಿಯಲ್ಲಿದ್ದೆ. ಹೆಸರು ಬಿತ್ತಿ ಮುಗಿದಿತ್ತು. ಕಾಕಾ ಅವರ ಹಳೆಯ ಕಾರಿನ ಸೈಲೆನ್ಸರ್ ಹಿಡಿದಿದ್ದ ಕ್ಲ್ಯಾಂಪು ಕಳಚಿ, ಪೈಪು ನೆಲಕ್ಕೆ ಉಜ್ಜುತ್ತಿತ್ತು. ಗದಗಿಗೆ ಒಯ್ದರೆ ಒಂದು ದಿನ ಹಾಳು, ದುಡ್ಡೂ ಹೋಗುತ್ತದೆ. ‘ಮನ್ಯಾಗ ಮಾಡೂಣ ತಗೋ’ ಎಂದು ಕಾಕಾ ಅಂಗಳದಲ್ಲೇ ಜಾಕ್ ಹಚ್ಚಿದರು. ಕಾರಿನ ಒಂದು ಮೂಲೆ ಮೇಲೆದ್ದಿತು. ಗೋಣಿಚೀಲ ಹಾಸಿಕೊಂಡು ಅವರು ಕೆಳಗೆ ಸರಿಯಲು ಸಿದ್ಧರಾದರು.

ದನದ ಕೊಟ್ಟಿಗೆಯ ಹಿಂದೆ ಒಂದು ದಪ್ಪನೆಯ ಜಾಲಿ ತುಂಡು ಬಿದ್ದಿತ್ತು. ನನಗೆ ಅದು ಕಾಣುತ್ತಿತ್ತು. ‘ಕಾಕಾ, ಕೆಳಗ ಆ ತುಂಡರ ಇಡೂಣ?’ ಎಂದೆ.

‘ಏ, ಐದು ಮಿನಿಟಿನ ಕೆಲಸ. ನೀ ಹಿಡಕೊಂಡು ನಿಂತೀಯಲ್ಲ, ಮತ್ತೇನ ಬೇಕು?’

‘ಹೂಂ, ನಾ ಅದೀನಿ’ ಎಂದು ಕಾರಿನ ಅಂಚಿಗೆ ಎರಡೂ ಕೈ ಕೊಟ್ಟು ನಿಂತೆ.

ಕಾಕಾ ಎದೆಯವರೆಗೆ ಕಾರಿನ ಕೆಳಗಿದ್ದರು. ತಂತಿ ಸುತ್ತುವಾಗ ಪಾನಾ ಬೇಕಾಯಿತು. ಅಷ್ಟರಲ್ಲಿ ಕಾಕು ಚಹಾ ತಂದರು. ಕಾಕಾ ಹೊರಗೆ ಬಂದು, ಕೈ ಒರೆಸಿಕೊಂಡು, ಕಪ್ಪು ಬಾಯಿಗಿಟ್ಟಿದ್ದರು. ಜಾಕ್ ನಿಧಾನವಾಗಿ ವಾಲಿತು. ಆಮೇಲೆ ನಿಧಾನವೇನೂ ಇರಲಿಲ್ಲ. ಕಾರು ದಪ್ಪೆಂದು ಕುಳಿತಿತು. ನನ್ನ ಕೈಗಳು ಎಲ್ಲಿದ್ದವೋ ಅಲ್ಲೇ ಇದ್ದವು. ತಡೆಯುವ ಮಾತು ಹಾಗಿರಲಿ, ತಡೆಯಬೇಕೆಂದು ಹೊಳೆಯುವಷ್ಟು ಹೊತ್ತೂ ಸಿಗಲಿಲ್ಲ. ಕಾಕಾ ಗೋಣಿಚೀಲವನ್ನೇ ನೋಡುತ್ತ ‘ದೇವರು ದೊಡ್ಡಾಂವ’ ಎಂದರು. ಕಾಕು ಏನೂ ಮಾತಾಡಲಿಲ್ಲ.

ಆದದ್ದು ಏನೆಂದು ಹೇಳುವುದು ಸುಲಭ. ನಮ್ಮದು ಎರೆಮಣ್ಣಿನ ಸೀಮೆ. ಈ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮಳೆಯಾಗಿ ಎರಡು ದಿನ ಬಿಸಿಲು ಬಿದ್ದರೆ ಮೇಲೆ ಹೆಪ್ಪು, ಒಳಗೆ ಹಸಿ. ಅದರ ಮೇಲೆ ಮನುಷ್ಯ ನಿಲ್ಲುತ್ತಾನೆ, ಜಾಕ್ ನಿಲ್ಲುವುದಿಲ್ಲ. ಲೆಕ್ಕ ಹೀಗಿದೆ: ಕಾರಿನ ಒಂದು ಮೂಲೆ ಎತ್ತಿದಾಗ ಜಾಕಿನ ಮೇಲೆ 250 ಕಿಲೊ ಬಿತ್ತೆನ್ನಿ. ಜಾಕಿನ ಪಾದ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಒಂದು ಚದರ ಸೆಂಟಿಮೀಟರ್ ನೆಲಕ್ಕೆ ಎರಡೂವರೆ ಕಿಲೊ ಭಾರ. 60 ಕಿಲೊದ ಮನುಷ್ಯ ಎರಡು ಪಾದ ಊರಿ ನಿಂತರೆ ಅದರ ಸುಮಾರು ಹತ್ತರಲ್ಲಿ ಒಂದು ಪಾಲಷ್ಟೇ ಬೀಳುತ್ತದೆ. ಜಾಕಿನ ಕೆಳಗೆ ಒಂದು ಅಡಿ ಅಗಲದ ಗಟ್ಟಿ ಹಲಗೆ ಇಟ್ಟಿದ್ದರೆ ಅದೇ ಭಾರ ಒಂಬತ್ತು ಪಟ್ಟು ಜಾಗಕ್ಕೆ ಹಂಚಿಹೋಗುತ್ತಿತ್ತು. ನಾವು ಕಾರು ನೋಡಿದೆವು, ಜಾಕ್ ನೋಡಿದೆವು, ನೆಲ ನೋಡಲಿಲ್ಲ.

ಆದರೆ ನನ್ನನ್ನು ಇಂದಿಗೂ ಬಿಡದಿರುವುದು ಮಣ್ಣಲ್ಲ. ‘ನಾ ಅದೀನಿ’ ಎಂದೆನಲ್ಲ, ಆ ಮಾತು.

ಮೊದಲು ಒಂದು ವ್ಯತ್ಯಾಸ ಹೇಳಬೇಕು. ಎತ್ತುವುದು ಒಂದು ಕೆಲಸ, ಹೊತ್ತು ನಿಲ್ಲುವುದು ಇನ್ನೊಂದು. ಜಾಕ್ ಇರುವುದು ಎತ್ತಲಿಕ್ಕೆ. ಬಾಟಲಿ ಜಾಕಿನೊಳಗೆ ಎಣ್ಣೆಯಿದೆ. ಸಣ್ಣ ಪಿಸ್ಟನ್ನಿನಿಂದ ಒತ್ತಿದ ಎಣ್ಣೆ ದೊಡ್ಡ ಪಿಸ್ಟನ್ನನ್ನು ಮೇಲೆತ್ತುತ್ತದೆ. ದೊಡ್ಡದರ ವಿಸ್ತೀರ್ಣ ಇಪ್ಪತ್ತು ಪಟ್ಟಿದ್ದರೆ ಬಲವೂ ಇಪ್ಪತ್ತು ಪಟ್ಟು. ಇದು 17ನೇ ಶತಮಾನದ ಪ್ಯಾಸ್ಕಲ್ ಕಂಡ ನಿಯಮ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ನಿಯಮದ ಮೇಲೆ ಒತ್ತುಯಂತ್ರ ಮಾಡಿ ಪೇಟೆಂಟ್ ಪಡೆದ. ಆದರೆ ಎತ್ತಿದ ಭಾರವನ್ನು ಅಲ್ಲೇ ನಿಲ್ಲಿಸಿರುವುದು ಒಂದು ಪುಟ್ಟ ವಾಲ್ವು ಮತ್ತು ಒಂದು ರಬ್ಬರ್ ಉಂಗುರ. ಅವು ಸೋತರೆ ಕಾರು ಕೆಳಗೆ. ಕಾರಿನ ಜೊತೆ ಬರುವ, ತಿರುಪು ತಿರುಗಿಸುವ ಕತ್ತರಿ ಜಾಕಿನಲ್ಲಿ ಎಣ್ಣೆಯಿಲ್ಲ, ಅದು ತಾನಾಗಿ ಇಳಿಯುವುದಿಲ್ಲ. ಆದರೆ ಅದರ ಪಾದ ಕಿರಿದು, ಕಾರು ಸ್ವಲ್ಪ ಜರುಗಿದರೂ ಪಕ್ಕಕ್ಕೆ ಮಗುಚುತ್ತದೆ. ಅದಕ್ಕೇ ಕಾರಿನ ಜೊತೆ ಕೊಡುವ ಪುಸ್ತಕಗಳಲ್ಲಿ ಜಾಕ್ ಇರುವುದು ಗಾಲಿ ಬದಲಿಸಲಿಕ್ಕೆ ಮಾತ್ರ, ಅದರ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ ಎಂದು ಬರೆದಿರುತ್ತದೆ. ಕೆಳಗೆ ಹೋಗಬೇಕಾದರೆ ಬೇರೆ ಆಸರೆ ಬೇಕು. ಮೂರು ನಾಲ್ಕು ಕಾಲಿನ ಕಬ್ಬಿಣದ ಜಾಕ್ ಸ್ಟ್ಯಾಂಡು ಅಂಥದ್ದು. ಅದು ಏನನ್ನೂ ಎತ್ತಲಾರದು, ಸುಮ್ಮನೆ ನಿಂತಿರುತ್ತದೆ.

ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಗೊತ್ತಿತ್ತು. ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕುವಾಗ ನಾಲ್ಕು ಜನ ಹೆಗಲು ಕೊಟ್ಟು ಎತ್ತುತ್ತಿದ್ದರಂತೆ, ಕೂಡಲೇ ಅಚ್ಚಿನ ಕೆಳಗೆ ಮರದ ಆಸರೆ ಕೊಡುತ್ತಿದ್ದರಂತೆ. ಆಮೇಲೆಯೇ ಕಡಾಣಿ ಕೀಳುವುದು. ನಮ್ಮಜ್ಜ ಇದನ್ನು ಹೇಳುವಾಗ ಅದು ಎಚ್ಚರಿಕೆಯ ಮಾತೆಂದು ಅನ್ನಿಸುತ್ತಲೇ ಇರಲಿಲ್ಲ, ಅದು ಕೆಲಸದ ಒಂದು ಭಾಗ. ಯಾಕೆಂದರೆ ಎತ್ತಿದ ಹೆಗಲಿಗೆ ಭಾರ ಗೊತ್ತಿತ್ತು. ಎಷ್ಟು ಹೊತ್ತು ಹಿಡಿಯಬಲ್ಲೆವು ಎಂಬುದು ಮೈಗೇ ತಿಳಿಯುತ್ತಿತ್ತು. ಜಾಕ್ ಬಂದಮೇಲೆ ಆ ತಿಳಿವಳಿಕೆ ಹೋಯಿತು. ಚಿಕ್ಕ ಕಾರೆನಿಸಿಕೊಂಡ ಮಾರುತಿ 800ರ ತೂಕವೇ ಸುಮಾರು 650 ಕಿಲೊ, 50 ಕಿಲೊದ 13 ಗೊಬ್ಬರದ ಚೀಲ. ಎದೆಯ ಮೇಲೆ ಮೂರು ಚೀಲ ಹೇರುತ್ತೇವೆಂದರೆ ಯಾರೂ ಮಲಗುವುದಿಲ್ಲ. ಒಂದೇ ಕೈಯಲ್ಲಿ ಕಾರು ಎತ್ತಿದವನಿಗೆ ಅದು ಹಗುರಾಗಿದೆ ಎನ್ನಿಸುತ್ತದೆ. ಹಗುರಾದದ್ದು ಎತ್ತುವ ಕೆಲಸ, ಕಾರಲ್ಲ.

ಇನ್ನು ನಂಬಿಕೆಯ ಪ್ರಶ್ನೆ. ತುಂಡು ಇಡೋಣ ಎಂದಾಗ ಕಾಕಾ ಅದನ್ನು ಮರದ ಮಾತಾಗಿ ಕೇಳಲಿಲ್ಲ. ‘ಇವನಿಗೆ ನನ್ನ ಕೆಲಸದ ಮೇಲೆ ಭರವಸೆ ಇಲ್ಲ’ ಎಂಬಂತೆ ಕೇಳಿಸಿತೇನೋ. ನನಗೂ ಅಳುಕಿತ್ತು. ಓದಿದ ಹುಡುಗ ಊರಿಗೆ ಬಂದು ದೊಡ್ಡವರಿಗೆ ಬುದ್ಧಿ ಹೇಳುತ್ತಾನೆ ಎನ್ನಿಸಿಕೊಳ್ಳುವುದು ಬೇಡವಿತ್ತು. ಎಚ್ಚರಿಕೆಯನ್ನು ಅಪನಂಬಿಕೆಯೆಂದು ತಿಳಿಯುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ಅಣ್ಣತಮ್ಮಂದಿರ ನಡುವಿನ ಸಾಲಕ್ಕೆ ಕಾಗದ ಕೇಳಿದರೆ ‘ನಾ ಅದೀನಲ್ಲ, ಕಾಗದ ಯಾಕ?’ ಎನ್ನುತ್ತಾರೆ. ಕಾಗದ ಕೇಳಿದವನೇ ಸಣ್ಣವನಾಗುತ್ತಾನೆ.

ತತ್ವಜ್ಞಾನಿ ಅನೆಟ್ ಬೈಯರ್ 1986ರಲ್ಲಿ ನಂಬಿಕೆಯ ಬಗ್ಗೆ ಬರೆದ ಪ್ರಬಂಧವೊಂದಿದೆ. ಅದರಲ್ಲಿ ಅವರು ನಂಬುವುದನ್ನೂ ನೆಚ್ಚಿಕೊಂಡಿರುವುದನ್ನೂ ಬೇರೆ ಮಾಡುತ್ತಾರೆ. ಕಾಂಟ್ ದಿನವೂ ಒಂದೇ ಹೊತ್ತಿಗೆ ಅಡ್ಡಾಡಲು ಹೋಗುತ್ತಿದ್ದುದರಿಂದ ನೆರೆಯವರು ಅವನನ್ನೇ ಗಡಿಯಾರವಾಗಿ ನೆಚ್ಚಿದ್ದಿರಬಹುದು. ಒಂದು ದಿನ ಅವನು ತಡವಾಗಿ ಎದ್ದರೆ ಅವರಿಗೆ ತೊಂದರೆಯಾದೀತು, ಆದರೆ ಅವನು ದ್ರೋಹ ಮಾಡಿದ ಎನ್ನುವಂತಿಲ್ಲ. ಅವನೇನೂ ಮಾತು ಕೊಟ್ಟಿರಲಿಲ್ಲ. ಯಾರನ್ನಾದರೂ ನಂಬಿದಾಗ ಮಾತ್ರ ದ್ರೋಹಕ್ಕೆ ಜಾಗ ಇರುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಜಾಕ್ ಯಾರಿಗೂ ದ್ರೋಹ ಮಾಡಲಾರದು, ಎರೆಮಣ್ಣೂ ಮಾಡಲಾರದು. ಆ ಅಂಗಳದಲ್ಲಿ ದ್ರೋಹ ಮಾಡಬಲ್ಲವನು ನಾನೊಬ್ಬನೇ. ಮೊದಮೊದಲು, ನನ್ನ ತಪ್ಪು ಸುಮ್ಮನಾದದ್ದು ಎಂದುಕೊಂಡಿದ್ದೆ. ಒಂದು ಸಲ ಹೇಳಿ ಬಿಟ್ಟೆ, ಎರಡನೇ ಸಲ ಹೇಳಬೇಕಿತ್ತು ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ಕಾರಿನ ಕೆಳಗೆ ಹೋಗುವುದು ಬಿಡುವುದು ಕಾಕಾ ಅವರ ಇಷ್ಟ, ಅವರ ಧೈರ್ಯ. ನನ್ನ ತಪ್ಪು ಹಿಡಿದು ನಿಂತದ್ದು. 250 ಕಿಲೊ ನನ್ನ ಕೈಯಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಕೈ ಕೊಟ್ಟು ನಿಂತೆ. ಆ ಎರಡು ಕೈಗಳು ‘ಬಿದ್ದರೆ ಹಿಡಿಯುತ್ತೇನೆ’ ಎಂದು ಹೇಳುತ್ತಿದ್ದವು. ಅದು ಸುಳ್ಳು. ನಿಜ ಹೇಳುವುದಾದರೆ ‘ಬಿದ್ದರ ನನಗ ಹಿಡಿಯಾಕ ಆಗೂದಿಲ್ಲ ಕಾಕಾ’ ಎಂದು ಕೈ ತೆಗೆಯಬೇಕಿತ್ತು. ಕೈ ತೆಗೆದಿದ್ದರೆ ಅವರು ತುಂಡು ತರಿಸುತ್ತಿದ್ದರೋ ಏನೋ.

‘ನಾ ಅದೀನಿ’ ಎಂಬುದು ನಮ್ಮ ಕಡೆಯ ದೊಡ್ಡ ಮಾತು. ಸಾವಾದ ಮನೆಯಲ್ಲಿ, ಬೆಳೆ ಹೋದ ವರ್ಷ, ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಅಲ್ಲಿ ಇರುವುದೇ ಕೆಲಸ. ಆದರೆ ಕೆಲವು ಕಡೆ ಇರುವುದರಿಂದ ಏನೂ ಆಗುವುದಿಲ್ಲ, ಹೊರುವುದರಿಂದ ಮಾತ್ರ ಆಗುತ್ತದೆ. ಅಲ್ಲಿಯೂ ಅದೇ ಮಾತು ಹೇಳಿದರೆ ಪ್ರೀತಿಯೇ ಅಪಾಯವಾಗುತ್ತದೆ.

ಹಾಗಾದರೆ ಎಲ್ಲ ಸಂಬಂಧಗಳ ಕೆಳಗೂ ಕಬ್ಬಿಣದ ಸ್ಟ್ಯಾಂಡು ಇಡಬೇಕೆ? ಪ್ರತಿ ಮಾತಿಗೂ ಕಾಗದ ಬೇಕೆ? ಅಂಥ ಬದುಕು ಯಾರಿಗೂ ಬೇಡ. ಸ್ಟ್ಯಾಂಡೂ ಕೊನೆಯ ಮಾತಲ್ಲ. 2020ರಲ್ಲಿ ಅಮೆರಿಕದ ಒಂದು ಮಳಿಗೆ ಸರಣಿ ತಾನು ಮಾರಿದ ಲಕ್ಷಾಂತರ ಜಾಕ್ ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಂಡಿತು, ಅವುಗಳ ಹಲ್ಲು ಸರಿಯಾಗಿ ಕಚ್ಚದೆ ಜಾರಬಹುದಿತ್ತು. ಬದಲಿಗೆ ಕೊಟ್ಟ ಕೆಲವದರಲ್ಲೂ ಅದೇ ವರ್ಷ ವೆಲ್ಡಿಂಗ್ ದೋಷ ಕಂಡಿತು. ಆಸರೆಗೂ ಇನ್ನೊಂದು ಆಸರೆ ಬೇಕಾಗುತ್ತದೆ. ಬಲ್ಲವರು ಬಿಚ್ಚಿದ ಗಾಲಿಯನ್ನು ಕಾರಿನ ಅಂಚಿನ ಕೆಳಗೆ ಮಲಗಿಸುತ್ತಾರೆ, ಕೆಳಗೆ ಹೋಗುವ ಮುಂಚೆ ಕಾರನ್ನು ಅಲುಗಾಡಿಸಿ ನೋಡುತ್ತಾರೆ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಆ ಎರಡನ್ನೂ ಎತ್ತಿದರೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡುತ್ತಾರೆ. ಸಿಮೆಂಟ್ ಇಟ್ಟಿಗೆಯನ್ನು ಆಸರೆಗೆ ಇಡುವುದಿಲ್ಲ, ಅದು ಹೇಳದೆ ಕೇಳದೆ ಒಡೆಯುತ್ತದೆ. ಮರ ಮುರಿಯುವ ಮುಂಚೆ ಸಾಮಾನ್ಯವಾಗಿ ಸದ್ದು ಮಾಡುತ್ತದೆ.

ನನಗೆ ತೋಚುವ ಉತ್ತರ ಇಷ್ಟು. ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಸೋತರೆ ಸರಿಪಡಿಸಬಹುದೆ? ಕೆಳಗಿರುವವರು ಯಾರು? ಸಾಲದ ಮಾತು ತಪ್ಪಿದರೆ ಜಗಳವಾಗುತ್ತದೆ, ರಾಜಿಯೂ ಆಗುತ್ತದೆ. ಅಲ್ಲಿ ಕಾಗದ ಬಿಟ್ಟು ನಂಬುವುದರಲ್ಲಿ ಒಂದು ಘನತೆ ಇರಬಹುದು. ಎದೆಯ ಮೇಲೆ ಕಾರು ಬಿದ್ದರೆ ರಾಜಿಯಿಲ್ಲ. ಕೆಳಗಿರುವವರು ಇನ್ನೊಬ್ಬರಾದರೆ ನನ್ನ ಧೈರ್ಯಕ್ಕೆ ಅಲ್ಲಿ ಬೆಲೆಯೇ ಇಲ್ಲ, ಅದು ಅವರ ಮೈಯ ಮೇಲಿನ ಧೈರ್ಯ. ನಂಬಿಕೆಗೆ ತಕ್ಕವನು ಯಾರೆಂದರೆ, ತಾನು ಸೋತರೂ ನಂಬಿದವನು ಉಳಿಯುವಂತೆ ಮೊದಲೇ ಏರ್ಪಾಡು ಮಾಡುವವನು. ತುಂಡು ತರುವುದು ನಂಬಿಕೆಗೆ ಎದುರಲ್ಲ, ನಂಬಿಕೆಗೆ ಕೊಡುವ ಉತ್ತರ.

ಈ ಎರಡನೇ ಪ್ರಶ್ನೆ ಊರಿನಲ್ಲಿ ಚುಚ್ಚುತ್ತದೆ. ಟ್ರ್ಯಾಕ್ಟರಿನ ಟ್ರೇಲರನ್ನು ಎಣ್ಣೆಯ ಬಲದಿಂದ ಮೇಲೆತ್ತಿ, ಕೆಳಗೆ ನುಸುಳಿ ಗ್ರೀಸ್ ಹಾಕುವುದನ್ನು ನೀವೂ ನೋಡಿರಬಹುದು. ಅಲ್ಲಿ ಕೆಳಗೆ ಹೋಗುವವನು ಸಾಮಾನ್ಯವಾಗಿ ಮಾಲಕನಲ್ಲ, ಕೂಲಿಗೆ ಬಂದ ಹುಡುಗ. ಆಸರೆಯ ಖರ್ಚು ಒಬ್ಬನದು, ಆಸರೆ ಇಲ್ಲದ ಅಪಾಯ ಇನ್ನೊಬ್ಬನದು.

ಮೊನ್ನೆ ಊರಿಗೆ ಹೋದಾಗ ಅಂಥದ್ದೇ ಒಂದು ಟ್ರೇಲರ್ ಎತ್ತಿ ನಿಲ್ಲಿಸಿದ್ದರು. ಹುಡುಗ ಗ್ರೀಸ್ ಡಬ್ಬಿ ಹಿಡಿದು ಬಗ್ಗಿದ್ದ. ‘ಆಸರ ಏನೂ ಇಲ್ಲಲ್ಲೋ ತಮ್ಮಾ’ ಎಂದೆ. ‘ಮಾಲಕರು ಇಲ್ಲೇ ಅದಾರಲ್ರಿ’ ಎಂದ. ನಾನು ಮನೆಗೆ ಹೋಗಿ, ಕಾಕಾ ಅವರ ಜೊತೆ ಕೂಡಿ ಎರಡು ಗಟ್ಟಿ ತೊಲೆಗಳನ್ನು ಹೊತ್ತು ತಂದೆ. ಇಬ್ಬರೂ ಅವನ್ನು ಟ್ರೇಲರಿನ ಚೌಕಟ್ಟಿನ ಕೆಳಗೆ ನಿಲ್ಲಿಸುವಾಗ ಮಾಲಕರ ಮುಖ ಸಣ್ಣದಾಯಿತು. ಕಾಕಾ ಅವರಿಗೆ ‘ಇರಲಿ ಬಿಡ್ರಿ, ಇದ್ದರ ಏನ ತಪ್ಪು’ ಎಂದಷ್ಟೇ ಹೇಳಿದರು. ಹುಡುಗ ನಮ್ಮನ್ನೊಮ್ಮೆ, ಅವರನ್ನೊಮ್ಮೆ ನೋಡಿ ಕೆಳಗೆ ಹೋದ. ಮಾಲಕರು ಆ ದಿನ ನನ್ನ ಜೊತೆ ಮಾತಾಡಲಿಲ್ಲ.