ಸಾಲಿನ ಎಡತುದಿ ಯಾರದು?

ಬರೀ ಅಕ್ಷರಗಳಲ್ಲೇ ನಡೆಯುವ ಹರಟೆಕಟ್ಟೆ ಐಆರ್‌ಸಿ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಕಟ್ಟಿದ್ದು, ಇವತ್ತಿಗೂ ಜೀವಂತ. ಯಾರು ಇದ್ದಾರೆ, ಯಾರು ಹೋದರು ಅಂತ ತಿಳೀಬೇಕಾದ್ರೆ ಓರೆಗೆರೆ ಹಾಕಿ ಕಮಾಂಡ್ ಟೈಪ್ ಮಾಡಬೇಕು. ಉತ್ತರವೂ ಸಾಮಾನ್ಯವಾಗಿ ಗೆಳೆಯರ ಮಾತು ಬೀಳುವ ಕಿಟಕಿಯಲ್ಲೇ, ಅದೇ ಅಕ್ಷರದಲ್ಲೇ ಬೀಳುತ್ತೆ.

ಆ ಉತ್ತರಗಳೆಲ್ಲ ಒಂದೇ ರೂಪದಲ್ಲಿರಬೇಕು ಅಂತ ಹಟ ಹಿಡಿಯುವ ಪ್ರೋಗ್ರಾಮರ್‌ಗಳನ್ನು ಕಂಡರೆ ಹಲವರಿಗೆ ನಗು. ಒಂದು ಕಡೆ ಗೆರೆ, ಇನ್ನೊಂದು ಕಡೆ ನಕ್ಷತ್ರ ಇದ್ರೆ ಏನು ಮುಳುಗಿಹೋಯ್ತು? ಅಂದಚಂದದ ವಿಷಯ ತಾನೇ? ನನಗೆ ಹಾಗನ್ನಿಸುವುದಿಲ್ಲ. ಇದು ಯಾರ ಬಾಯಿಂದ ಬಂದ ಮಾತು ಅನ್ನೋ ಪ್ರಶ್ನೆ.

ಇರ್ಸಿ ಎಂಬ ತಂತ್ರಾಂಶ ತನ್ನ ಸುದ್ದಿಯನ್ನು, ಸಮಯದ ಪಕ್ಕದಲ್ಲಿ, -!- ಎಂಬ ಗುರುತಿನಿಂದ ಶುರು ಮಾಡುತ್ತದೆ. ಇಂಥವರು ಬಂದರು, ಇಂಥವರು ಹೋದರು, ಎಲ್ಲಕ್ಕೂ ಅದೇ. ಮನುಷ್ಯರ ಮಾತಿನ ಮುಂದೆ ಹೆಸರು. ಈಗ ಒಬ್ಬ ಕಿಡಿಗೇಡಿ "-!- ರಾಮು ಹೊರಟುಹೋದರು" ಅಂತ ತಾನೇ ಟೈಪ್ ಮಾಡಿದ ಅನ್ನಿ. ನಂಬಿದವರು ರಾಮು ಬಗ್ಗೆ ಆಡಬಾರದ್ದನ್ನೆಲ್ಲ ಆಡಿಬಿಡ್ತಾರೆ. ರಾಮು ಅಲ್ಲೇ ಕೂತು ಓದ್ತಿರ್ತಾನೆ. ಬಣ್ಣ ನೋಡಿ ತಿಳಿಯೋಣ ಅಂದ್ರೆ, ಬಣ್ಣದ ಸಂಕೇತವನ್ನು ಸಂದೇಶದೊಳಗೇ ತುರುಕಿ ಕಳಿಸಬಹುದು. ಆದರೆ ಐಆರ್‌ಸಿಯಲ್ಲಿ ಒಂದು ಸಂದೇಶ ಅಂದ್ರೆ ಒಂದೇ ಸಾಲು, ನಡುವೆ ಹೊಸ ಸಾಲು ಹಾಕಕ್ಕಾಗಲ್ಲ. ಕಿಡಿಗೇಡಿಯ ಗುರುತಿನ ಮುಂದೆ ಅವನ ಹೆಸರು ಬಂದೇ ಬರುತ್ತೆ.

ಅಷ್ಟಕ್ಕೂ ಅವನು ಬಿಡೋನಲ್ಲ. ಖಾಲಿ ಜಾಗ ತುಂಬಿ ಸಾಲನ್ನು ಉದ್ದ ಮಾಡಿದರೆ ಅದು ಪರದೆಯ ಅಂಚಿನಲ್ಲಿ ಮುರಿದು ಕೆಳಗಿಳಿಯುತ್ತದೆ. ಅವನು ಬರೆದ ಸುಳ್ಳು ಸಮಯ, ಸುಳ್ಳು ಗುರುತು ಎರಡೂ ಎಡತುದಿಗೆ ಬಂದು ಕೂರಬಹುದು. ಇರ್ಸಿ ಹೀಗೆ ಮುರಿದ ಭಾಗವನ್ನು ಹತ್ತು ಅಕ್ಷರದಷ್ಟು ಒಳಗೆ ಸರಿಸಿ ತೋರಿಸುತ್ತೆ. ಬರೀ ಅಲಂಕಾರ ಅಂದುಕೊಂಡಿದ್ದ ಆ ಖಾಲಿ ಜಾಗ ಕಾವಲು ಕಾಯ್ತಿದೆ!

ಒಂದೇ ಒಂದು ಕಮಾಂಡಿನ ಉತ್ತರ ಗುರುತಿಲ್ಲದೆ ಬಂತು ಅಂದರೂ ಉಳಿದದ್ದೆಲ್ಲ ಸಡಿಲ. ಗುರುತಿಲ್ಲದ್ದೂ ಯಂತ್ರದ ಮಾತಾಗಿರಬಹುದು ಅಂತ ಓದುವವನ ಕಣ್ಣು ಕಲಿತುಬಿಡುತ್ತೆ. ಆಮೇಲೆ ಯಾರು ಏನು ಬರೆದರೂ ನಂಬಬೇಕಾಗುತ್ತೆ, ಇಲ್ಲಾ ಯಾವುದನ್ನೂ ನಂಬೋ ಹಾಗಿಲ್ಲ.

ಹಾಗಂತ ಎಲ್ಲರ ಪರದೆಯೂ ಒಂದೇ ಥರ ಇರಬೇಕಿಲ್ಲ. 1993ರ ಆರ್‌ಎಫ್‌ಸಿ 1459 ಸರ್ವರ್‌ನ ಉತ್ತರಗಳಿಗೆ ಅಂಕಿ ಕೊಟ್ಟಿತು: 401 ಅಂದರೆ ಆ ಹೆಸರಿನವರಿಲ್ಲ, 433 ಅಂದರೆ ಆ ಹೆಸರು ಬೇರೆಯವರ ಬಳಕೆಯಲ್ಲಿದೆ. ಅದನ್ನು ಹೇಗೆ ತೋರಿಸಬೇಕು ಅನ್ನೋದು ನಮ್ಮಿಷ್ಟ. ನಿನ್ನೆ ತೋರಿಸಿದ ಹಾಗೇ ಇವತ್ತೂ ತೋರಿಸಿದರೆ ಸಾಕು.

ಆದರೆ ಹೊಸ ಆವೃತ್ತಿ ಬಂದಾಗ? ಚೆಂದ ಕಾಣಲಿ ಅಂತ ಗುರುತು ಬದಲಾಯಿಸುವ ಹಕ್ಕು ಬರೆದವರಿಗೆ ಇದ್ದೇ ಇದೆ. ಪರದೆಯನ್ನು ನೋಡದೆ, ಅದನ್ನು ಓದಿ ಹೇಳುವ ತಂತ್ರಾಂಶದಿಂದ ಕೇಳಿಸಿಕೊಳ್ಳುವ ಅಂಧರೊಬ್ಬರು ಹಳೆಯ ಗುರುತಿಗೆ ವರ್ಷಗಟ್ಟಲೆ ಕಿವಿ ಹೊಂದಿಸಿಕೊಂಡಿರ್ತಾರೆ. ನಾನಾಗಿದ್ದರೆ, ಅಷ್ಟೇನೂ ಚೆನ್ನಾಗಿಲ್ಲದಿದ್ದರೂ, ಹಳೆಯದನ್ನೇ ಬಿಡ್ತಿದ್ದೆ. ಹೊಸದು ಬೇಕು ಅನ್ನೋರಿಗೆ ಥೀಮ್ ಇದೆಯಲ್ಲ.