ಎಲ್ಲೆಡೆ ಇರುವವನ ವಿಳಾಸ

ದೇವರು ಸರ್ವವ್ಯಾಪಿಯೆಂದು ಒಪ್ಪಿಕೊಂಡ ಮೇಲೆ ಅವನನ್ನು ಕರೆಯುವುದಕ್ಕಾಗಿ ಗೊತ್ತಾದ ಒಂದು ಸ್ಥಳಕ್ಕೇ ಹೋಗಬೇಕಾದುದೇಕೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಆದರೆ ನೀಲಗಿರಿಯ ಕುಂದಾ ಸೀಮೆಯಲ್ಲಿರುವ ಮಂಜೂರಿನಂತಹ ಊರಿನಲ್ಲಿ ಅದು ವರ್ಷವರ್ಷವೂ ಹೊಸದಾಗಿ ಎದುರಾಗುತ್ತದೆ. ಕನ್ನಡಕ್ಕೆ ಒಡಹುಟ್ಟಾದ ನುಡಿಯನ್ನಾಡುವ ಬಡಗರು ಡಿಸೆಂಬರ್ ಜನವರಿಗಳ ಸಂಧಿಯಲ್ಲಿ ಬರುವ ಹೆತ್ತೆ ಹಬ್ಬದ ಕಾಲಕ್ಕೆ ಶುಭ್ರ ವಸ್ತ್ರವನ್ನುಟ್ಟು, ತಮ್ಮ ತಮ್ಮ ಹಟ್ಟಿಗಳಿಂದ ಕೋಟಗಿರಿಯ ಕಡೆಯ ಬೇರಗಣಿಗೆ ತೆರಳುವರು. ಹೆತ್ತೆ ಅವರ ಕುಲದ ತಾಯಿ, ಮಾನವಳಾಗಿ ಬಾಳಿ ದೇವತೆಯಾದವಳು. ಆಕೆಯ ರಕ್ಷೆ ನಾಲ್ಕು ಬೆಟ್ಟದ ನೆಲಕ್ಕೆಲ್ಲ ಉಂಟೆಂದು ನಂಬಿದವರೇ ಆಕೆಗೆ ಕೈಮುಗಿಯಲೆಂದು ಇಷ್ಟು ಕಣಿವೆಗಳನ್ನು ದಾಟುವರಲ್ಲ, ಇದರಲ್ಲಿ ವಿರೋಧವಿಲ್ಲವೆ?

ವಿರೋಧವಿಲ್ಲವೆಂದು ನಾನು ಬಲ್ಲೆನಾದರೂ, ಏಕಿಲ್ಲವೆಂಬುದನ್ನು ನನಗೆ ಸ್ಪಷ್ಟಪಡಿಸಿದ್ದು ವೇದಾಂತದ ಗ್ರಂಥವಲ್ಲ. ಈ ಬೆಟ್ಟದ ತರುಣರನೇಕರು ಬೆಂಗಳೂರು ಕೊಯಮತ್ತೂರುಗಳಿಗೆ ಹೋಗಿ ಅನ್ನ ಸಂಪಾದಿಸುತ್ತಿರುವ ಗಣಕಶಾಸ್ತ್ರ.

ಗಣಕಗಳು ಪರಸ್ಪರ ಸಂಭಾಷಿಸುವಾಗ ಮಾತಿನ ಒಂದೊಂದು ತುದಿಯಲ್ಲಿಯೂ ಸಾಕೆಟ್ ಎಂಬುದೊಂದಿರುತ್ತದೆ. 1983ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದಿಂದ ಹೊರಟ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಕಾರ್ಯವ್ಯವಸ್ಥೆ ಈ ಏರ್ಪಾಟನ್ನು ಲೋಕಕ್ಕೆ ನೀಡಿತು. ಇಂದಿಗೂ ಅದೇ ನಡೆದುಬಂದಿದೆ. ಆಗತಾನೆ ಸೃಷ್ಟಿಯಾದ ಸಾಕೆಟ್ಟಿಗೆ ವಿಳಾಸವಿಲ್ಲ. ಅದು ಇದೆ, ಆದರೆ ಯಾರೂ ಅದನ್ನು ಕರೆಯಲಾರರು. ಬೈಂಡ್ ಎಂಬ ಆಜ್ಞೆಯಿಂದ ಅದನ್ನು ಒಂದು ಐಪಿ ವಿಳಾಸಕ್ಕೂ, 0ಯಿಂದ 65535ರವರೆಗಿನ ಸಂಖ್ಯೆಗಳಲ್ಲೊಂದಾದ ಪೋರ್ಟಿಗೂ ಕಟ್ಟಿದ ಮೇಲೆಯೇ, ಕರೆಗೆ ಓಗೊಡಲು ಅದು ಸಿದ್ಧವಾಗಿ ಕುಳಿತುಕೊಳ್ಳಬಲ್ಲದು. ಇಲ್ಲಿ ನನ್ನ ಮನಸ್ಸನ್ನು ಸೆಳೆದುದು ಕರೆಯುವವನಿಗೂ ಕರೆಸಿಕೊಳ್ಳುವವನಿಗೂ ಇರುವ ಅಂತರ. ಕರೆಯುವವನು ತನ್ನ ವಿಳಾಸವನ್ನು ತಾನೇ ಗೊತ್ತುಮಾಡಿಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಅವನು ಮಾತಿಗೆ ತೊಡಗಿದ ಕ್ಷಣದಲ್ಲಿ, ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ತಾತ್ಕಾಲಿಕವಾದ ಒಂದು ಪೋರ್ಟನ್ನು ಅವನ ಕೈಗಿತ್ತು, ಮಾತು ಮುಗಿದ ಮೇಲೆ ಹಿಂತೆಗೆದುಕೊಳ್ಳುತ್ತದೆ. ಸೇವೆಗೆ ನಿಂತವನಿಗೆ ಆ ಸ್ವಾತಂತ್ರ್ಯವಿಲ್ಲ. ಜಾಲತಾಣವನ್ನು ನೀಡುವ ಸರ್ವರು 80ನೆಯ ಪೋರ್ಟಿನಲ್ಲಿಯೂ ಅಂಚೆಯನ್ನು ಸ್ವೀಕರಿಸುವುದು 25ರಲ್ಲಿಯೂ ಕಾದಿರತಕ್ಕದ್ದೆಂದು ಲೋಕವೆಲ್ಲ ಅರಿತಿರುವುದರಿಂದಲೇ ಅಪರಿಚಿತನೂ ಅವುಗಳ ಬಾಗಿಲಿಗೆ ಬರಬಲ್ಲನು. ಅಲೆಯುವ ಸ್ವಾತಂತ್ರ್ಯ ಅರ್ಥಿಗೆ; ಒಂದೆಡೆ ನಿಲ್ಲುವ ವ್ರತ ದಾತೃವಿಗೆ.

ಇನ್ನು ಸರ್ವವ್ಯಾಪಿತ್ವದ ಮಾತು. ಒಂದು ಗಣಕಕ್ಕೆ ಹಲವು ವಿಳಾಸಗಳಿರಬಹುದು. ತಂತಿಯ ಮೂಲಕ ಒಂದು, ನಿಸ್ತಂತುವಿನ ಮೂಲಕ ಇನ್ನೊಂದು, ತನ್ನೊಳಗೆ ತಾನೇ ಮಾತಾಡಿಕೊಳ್ಳಲು ಮತ್ತೊಂದು. ಸರ್ವರು ಇವುಗಳಲ್ಲಿ ಯಾವುದಾದರೊಂದಕ್ಕೆ ತನ್ನನ್ನು ಕಟ್ಟಿಕೊಳ್ಳಬಹುದು, ಅಥವಾ 0.0.0.0 ಎಂಬ ವಿಳಾಸವನ್ನಿಟ್ಟು, ಈ ಯಂತ್ರದ ಯಾವ ವಿಳಾಸಕ್ಕೆ ಬಂದ ಕರೆಯನ್ನಾದರೂ ಕೇಳುವೆನೆಂದು ಸಾರಬಹುದು. ಆದರೆ ದೂರದಲ್ಲಿರುವವನು ಈ 0.0.0.0ಯನ್ನೇ ಹಿಡಿದು ಕರೆದರೆ ಆ ಕರೆ ಇಲ್ಲಿಗೆ ತಲಪುವುದಿಲ್ಲ; ಅದು ಗಮ್ಯವಾಗಿ ಸಲ್ಲತಕ್ಕ ವಿಳಾಸವಲ್ಲ. ಅವನು ಯಾವುದಾದರೊಂದು ನಿಯತವಾದ ವಿಳಾಸವನ್ನೇ ಬರೆಯಬೇಕು. ಎಲ್ಲೆಡೆಯೂ ಕೇಳುತ್ತೇನೆಂಬ ಸರ್ವರು ಕೂಡ ಗೊತ್ತಾದ ಒಂದು ಪೋರ್ಟಿನಲ್ಲಿಯೇ ಕುಳಿತಿರಬೇಕು. ಆ ಸ್ಥಾನದಲ್ಲಿ ಸೊನ್ನೆಯನ್ನಿಟ್ಟರೆ ಕರ್ನಲ್ ತನಗೆ ತೋರಿದ ಒಂದು ಸಂಖ್ಯೆಯನ್ನು ಕೊಡುವುದಲ್ಲದೆ, ಹೊರಗಿನವರಿಗೆ ಅದು ಯಾವುದೆಂದು ತಿಳಿಯುವ ಬಗೆಯಿಲ್ಲ.

ಹಳೆಯ ಪ್ರಶ್ನೆಯ ಗಂಟು ಇಲ್ಲಿ ಸಡಿಲಿತೆಂದು ನನ್ನ ಭಾವನೆ. ಸರ್ವವ್ಯಾಪಿತ್ವವು ಕೇಳುವವನ ಸ್ಥಿತಿ. ಕರೆಯುವವನಿಗೆ ಅದು ವಿಳಾಸವಾಗಲಾರದು. ಭಗವಂತನು ಎಲ್ಲೆಲ್ಲಿಯೂ ಇದ್ದಾನೆಂಬುದು ಅವನ ವಿಷಯದಲ್ಲಿ ಪರಮಸತ್ಯವೇ ಆಗಿದ್ದರೂ, ದೇಶಕಾಲಗಳಿಗೆ ಒಳಪಟ್ಟ ಜೀವನು ತನ್ನ ಮೊರೆಯನ್ನು ಎಲ್ಲೆಲ್ಲಿಗೂ ಎಂದು ಬರೆದು ಕಳುಹಿಸಲಾರನು. ಹಾಗಾದರೆ ಕ್ಷೇತ್ರವೆಂಬುದು ದೇವರ ಪರಿಮಿತಿಯಲ್ಲ. ಪರಿಮಿತನಾದವನು ತನ್ನನ್ನು ಮುಟ್ಟಲೆಂದು ಅವನು ಇತ್ತ ಗುರುತು. ಬೇರಗಣಿಗೆ ನಡೆಯುವ ಮುದುಕಿ ಹೆತ್ತೆಯನ್ನು ಅಲ್ಲಿಗೆ ಮಾತ್ರ ಸೀಮಿತಗೊಳಿಸಿದಳೆನ್ನುವ ಪಂಡಿತನು ಆಕೆಯ ನಡೆಯನ್ನು ತಪ್ಪಾಗಿ ಓದಿದನು.

ವಿಶೇಷವು ಸಾಮಾನ್ಯಕ್ಕಿಂತ ಬಲವತ್ತರವೆಂಬುದು ನಮ್ಮ ವೈಯಾಕರಣರಿಗೂ ಮೀಮಾಂಸಕರಿಗೂ ಸಮ್ಮತವಾದ ನ್ಯಾಯ. ಒಂದೇ ಪೋರ್ಟಿನಲ್ಲಿ ಒಂದು ಸಾಕೆಟ್ 0.0.0.0ಗೂ ಇನ್ನೊಂದು ನಿಯತವಾದ ವಿಳಾಸಕ್ಕೂ ಕಟ್ಟಲ್ಪಡುವುದನ್ನು ಅನುಮತಿಸುವ ವ್ಯವಸ್ಥೆಗಳಲ್ಲಿ, ಆ ನಿಯತ ವಿಳಾಸಕ್ಕೆ ಬಂದ ಕರೆ ವಿಶೇಷಕ್ಕೇ ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ವಿಶೇಷದ ನ್ಯಾಯವನ್ನು ಕೊನೆಯ ಹೆಜ್ಜೆಯವರೆಗೂ ನಡೆಸಿ, ನಿರಾಕಾರವಾದುದನ್ನು ಇಷ್ಟಲಿಂಗವಾಗಿ ಪ್ರತಿಯೊಬ್ಬನ ಅಂಗೈಗೇ ತಂದರು. ಬಡಗರಲ್ಲಿ ಒಡೆಯರೆಂಬ ಲಿಂಗಾಯತ ಶಾಖೆಯವರ ಮೂಲಕ ಆ ಪರಂಪರೆ ಈ ಬೆಟ್ಟಗಳಿಗೂ ಏರಿಬಂದಿದೆ.

ಆದರೆ ಇಲ್ಲಿಯೇ ಒಂದು ಅಪಾಯವುಂಟು. ಇದನ್ನು ಹೇಳದೆ ಬಿಡುವುದು ಸಲ್ಲದು. 127.0.0.1 ಎಂಬ ವಿಳಾಸಕ್ಕೆ ಕಟ್ಟಿಕೊಂಡ ಸರ್ವರು ತನ್ನ ಯಂತ್ರದೊಳಗಿನ ಕರೆಯನ್ನಷ್ಟೇ ಕೇಳುತ್ತದೆ. ಹೊರಗಿನ ಯಾರೂ ಅದನ್ನು ಮುಟ್ಟಲಾರರು. ದತ್ತಾಂಶವನ್ನು ಕಾಪಾಡುವವರು ಬುದ್ಧಿಪೂರ್ವಕವಾಗಿಯೇ ಹೀಗೆ ಮಾಡುವುದುಂಟು, ಅಲ್ಲಿ ಅದು ಯುಕ್ತ. ಭಕ್ತಿಯು ಹೀಗಾದರೆ, ಆತ್ಮೀಯವಾದ ಲಿಂಗವು ಭಕ್ತನ ಸ್ವಂತ ದನಿಯನ್ನೇ ಅವನಿಗೆ ಮರಳಿಸುವ ಯಂತ್ರವಾದೀತು. ಶರಣರು ಇದನ್ನು ಅರಿಯದವರಲ್ಲ. ಅಂಗೈಯ ಲಿಂಗದ ಜೊತೆಗೆ ಅವರು ಜಂಗಮವನ್ನೂ ದಾಸೋಹವನ್ನೂ ನಿಯಮಿಸಿದರು. ಬಾಗಿಲಿಗೆ ಬಂದ ಜಂಗಮನನ್ನು ಕಡೆಗಣಿಸಿ ಒಳಗೆ ನಡೆಸಿದ ಲಿಂಗಪೂಜೆ, ಎಷ್ಟೇ ಏಕಾಗ್ರವಾಗಿರಲಿ, ಅವರ ಲೆಕ್ಕದಲ್ಲಿ ಪೂಜೆಯಾಗಲಿಲ್ಲ.