ದಾಯವಿಭಾಗವೂ ಹಿರಿಯರ ಮಾತೂ

ಸತ್ತವನ ಆಸ್ತಿಯು ಯಾರಿಗೆ ಸೇರಬೇಕೆಂಬುದು ವ್ಯವಹಾರಶಾಸ್ತ್ರದ ಪ್ರಶ್ನೆ. ಬದುಕಿರುವವನು ತನ್ನ ಆಸ್ತಿಯನ್ನು ಯಾವ ರೀತಿಯಲ್ಲಿ ಬಿಟ್ಟುಹೋಗಬೇಕೆಂಬುದಾದರೋ ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ನ್ಯಾಯಸ್ಥಾನವು ಉತ್ತರ ಕೊಡಬಲ್ಲುದು. ಎರಡನೆಯದಕ್ಕೆ ಮನೆಯ ಯಜಮಾನನೇ ಉತ್ತರ ಹೇಳಬೇಕು. ಉಯಿಲು ಬರೆದು ಪೆಟ್ಟಿಗೆಯಲ್ಲಿಟ್ಟರೆ ಆ ಹೊಣೆಯು ತೀರಿತೆಂದು ನಂಬುವವರು ಬಹುಮಂದಿ. ಅದು ನಿಜವಾಗಿ ತೀರುವುದೇ ಎಂಬುದು ವಿಚಾರಿಸತಕ್ಕ ವಿಷಯ.

ತೈತ್ತಿರೀಯ ಸಂಹಿತೆಯಲ್ಲಿ ನಾಭಾನೇದಿಷ್ಠನ ಕಥೆಯೊಂದುಂಟು. ಮನುವು ತನ್ನ ಮಕ್ಕಳಿಗೆ ಆಸ್ತಿಯನ್ನು ಹಂಚಿದಾಗ ನಾಭಾನೇದಿಷ್ಠನು ಬ್ರಹ್ಮಚರ್ಯದಲ್ಲಿದ್ದನು. ಅವನಿಗೆ ಪಾಲು ದೊರೆಯಲಿಲ್ಲ. ಅವನು ಬಂದು, ತನ್ನನ್ನೇಕೆ ಭಾಗದಿಂದ ಹೊರಗಿಟ್ಟೆಯೆಂದು ತಂದೆಯನ್ನೇ ಕೇಳಿದನು. ಮನುವು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಸತ್ರಯಾಗದಲ್ಲಿ ತೊಡಗಿರುವ ಆಂಗಿರಸರಿಗೆ ತಿಳಿಯದಿರುವುದನ್ನು ತಿಳಿಸಿಕೊಟ್ಟರೆ ಅವರು ತಮ್ಮ ಗೋಸಂಪತ್ತನ್ನು ಕೊಡುವರೆಂದು ದಾರಿ ತೋರಿಸಿದನು, ಹಾಗೆಯೇ ಆಯಿತು. ಐತರೇಯ ಬ್ರಾಹ್ಮಣದ ಪ್ರಕಾರ ಪಾಲು ತಪ್ಪಿಸಿದವರು ಒಡಹುಟ್ಟಿದವರು. ಆದರೂ ಅವನು ಹೋಗಿ ಕೇಳಿದುದು ತಂದೆಯನ್ನೇ. ಪಾಲು ತಪ್ಪಿದವನು ಬಂದು ಕೇಳಿದಾಗ ಉತ್ತರ ಕೊಡುವುದಕ್ಕೆ ತಂದೆಯು ಬದುಕಿದ್ದನೆಂಬುದೇ ಇಲ್ಲಿ ಗಮನಿಸತಕ್ಕ ಅಂಶ. ಉಯಿಲಿನಲ್ಲಿ ಇಲ್ಲದಿರುವುದು ಇದೇ. ಬರೆದವನು ತೀರಿಕೊಂಡ ಮೇಲೆ ಅದು ಮಾತನಾಡತೊಡಗುತ್ತದೆ. ಏಕೆಂದು ಕೇಳಿದರೆ ಮಾತ್ರ ಸುಮ್ಮನಿರುತ್ತದೆ.

ಪ್ರಾಚೀನ ಧರ್ಮಶಾಸ್ತ್ರದಲ್ಲಿ ಇಂದಿನ ಉಯಿಲಿಗೆ ಸ್ಥಾನವಿರಲಿಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸ್ಥಾಪಿಸಿದನು. ವಂಗದೇಶದ ಜೀಮೂತವಾಹನನು ತಂದೆಯ ಸ್ವತ್ವವು ಅಳಿದಮೇಲೆಯೇ ಮಗನ ಸ್ವತ್ವವು ಹುಟ್ಟುವುದೆಂದು ವಾದಿಸಿದನು. ಮೊದಲನೆಯವನ ಮತದಲ್ಲಿ ತಂದೆಯು ಹಿರಿಯರ ಸ್ವತ್ತಿನ ಪಾಲಕ. ಎರಡನೆಯವನ ಮತದಲ್ಲಿ ಅವನೇ ಒಡೆಯ. ಹೆಣ್ಣುಮಕ್ಕಳ ವಿಷಯದಲ್ಲಿ ಉಳಿದ ಕೊರತೆಯನ್ನು ಕಾಯಿದೆಗಳು ಮೆಲ್ಲಮೆಲ್ಲನೆ ತುಂಬಿದುವು. 1933ರಲ್ಲಿ ಮೈಸೂರು ಸಂಸ್ಥಾನವು ಸ್ತ್ರೀಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿದುವು.

ಆದರೆ ಇದೇ ಕಾಲದಲ್ಲಿ ಯಜಮಾನನ ಸ್ವಾತಂತ್ರ್ಯವೂ ಬೆಳೆಯಿತು. ಹಿಂದೂಗಳ ಉಯಿಲುಗಳಿಗೆ 1870ರಲ್ಲಿ ಕೆಲವು ಪ್ರಾಂತಗಳ ಮಟ್ಟಿಗೆ ಕಾಯಿದೆ ಬಂದಿತು. 1925ರ ಉತ್ತರಾಧಿಕಾರ ಕಾಯಿದೆಯು ಇಬ್ಬರು ಸಾಕ್ಷಿಗಳ ರುಜು ಬೇಕೆಂದು ವಿಧಿಸಿತು. 1956ರ ಕಾಯಿದೆಯು ಅವಿಭಕ್ತ ಸ್ವತ್ತಿನಲ್ಲಿರುವ ತನ್ನ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದೆಂದಿತು. ಅಧಿಕಾರವು ಹೆಚ್ಚಿದಷ್ಟೂ ಅದರ ಬಳಕೆಗೆ ಕಾರಣ ಹೇಳಬೇಕಾದ ಹೊಣೆಯೂ ಹೆಚ್ಚುವುದಷ್ಟೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹಿರಿಯ ಮಗನು ಊರಿನಲ್ಲಿಯೇ ಉಳಿದು ಜಮೀನನ್ನೂ ಹಾಸಿಗೆ ಹಿಡಿದ ತಾಯಿತಂದೆಗಳನ್ನೂ ನೋಡಿಕೊಂಡನು. ಕಿರಿಯನು ದೂರದ ಪಟ್ಟಣದಲ್ಲಿ ಸಂಪಾದಿಸಿದನು. ಮಗಳನ್ನು ಕೊಟ್ಟ ಮನೆ ಬಡವಾಯಿತು. ಮೂವರಿಗೂ ಸಮಪಾಲೆಂಬುದು ಲೆಕ್ಕಕ್ಕೆ ಸರಿ, ಆದರೆ ಸೇವೆಗೂ ಕಷ್ಟಕ್ಕೂ ಅದು ಕುರುಡು. ಆದಕಾರಣ ತಂದೆಯು ಹಿರಿಯನಿಗೆ ಹೆಚ್ಚಾಗಿ ಬರೆದರೆ ಅಧರ್ಮವಲ್ಲ. ಆದರೆ ಯಾರಿಗೂ ಹೇಳದೆ ಬರೆದರೆ? ಉಯಿಲು ಹೊರಬಿದ್ದ ದಿನ ಉಳಿದಿಬ್ಬರ ಸಂಶಯವು ತಂದೆಯ ಮೇಲೆ ಹೋಗುವುದಿಲ್ಲ, ಅಣ್ಣನ ಮೇಲೆ ಹೋಗುತ್ತದೆ. ಮೈಸೂರು ಸೀಮೆಯಿಂದ ಹೋದ ವ್ಯಾಜ್ಯವೊಂದರಲ್ಲಿ 1958ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದ ನಿಯಮವೂ ಇದಕ್ಕೆ ಹೊಂದುತ್ತದೆ: ಉಯಿಲಿನಿಂದ ಹೆಚ್ಚು ಲಾಭ ಪಡೆಯುವವನೇ ಅದನ್ನು ಬರೆಯಿಸುವುದರಲ್ಲಿ ಮುಂದಾಗಿದ್ದರೆ, ಆ ಶಂಕೆಯನ್ನು ನಿವಾರಿಸುವ ಭಾರವು ಅವನದೇ. ತಂದೆಯನ್ನು ಆಸ್ಪತ್ರೆಗೂ ಕಚೇರಿಗೂ ಕರೆದುಕೊಂಡು ಹೋದವನು ಸಾಮಾನ್ಯವಾಗಿ ಆ ಹಿರಿಯ ಮಗನೇ. ಯಾರಿಗೆ ಪ್ರತಿಫಲ ಸಲ್ಲಬೇಕೆಂದು ತಂದೆಯು ಬಯಸಿದನೋ ಅವನನ್ನೇ ತಂದೆಯ ಮೌನವು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿತು.

ಇಲ್ಲಿ ಪೂರ್ವಪಕ್ಷವೊಂದು ಬರುತ್ತದೆ. ಬದುಕಿರುವಾಗಲೇ ಹೇಳಿಬಿಟ್ಟರೆ ಜಗಳವು ಬೇಗನೆ ಹುಟ್ಟುವುದು. ಪಾಲು ಕಡಮೆಯಾದವರು ಮುಖ ತಿರುಗಿಸುವರು, ಹೆಚ್ಚಾದವರು ಉದಾಸೀನರಾಗುವರು. ಆಂಗ್ಲಕವಿಯ ಲಿಯರ್ ರಾಜನ ಗತಿಯೇ ಯಜಮಾನನಿಗೆ ಒದಗುವುದೆಂದು. ಇದು ಸುಲಭವಾಗಿ ತಳ್ಳಿಹಾಕತಕ್ಕ ಭಯವಲ್ಲ. ಆದರೆ ಲಿಯರನು ಕೆಟ್ಟುದು ಹೇಳಿದುದರಿಂದಲ್ಲ. ಹೊಗಳಿಕೆಯನ್ನು ಅಳೆದು ಎಲ್ಲವನ್ನೂ ಒಮ್ಮೆಗೇ ಕೊಟ್ಟುಬಿಟ್ಟುದರಿಂದ. ಹೇಳುವುದು ಬೇರೆ, ಕೊಡುವುದು ಬೇರೆ. ಉಯಿಲನ್ನು ಬರೆದವನು ಬದುಕಿರುವವರೆಗೂ ತಿದ್ದಬಹುದು, ರದ್ದುಮಾಡಬಹುದು. ಇನ್ನು ಬದುಕಿರುವಾಗಲೇ ದಾನಪತ್ರ ಬರೆಯುವವನು ತನ್ನ ಪೋಷಣೆಯ ನಿಬಂಧನೆಯನ್ನು ಅದರಲ್ಲಿ ಸೇರಿಸಿದರೆ, ಅದು ನಡೆಯದಾಗ 2007ರ ಹಿರಿಯ ನಾಗರಿಕರ ಕಾಯಿದೆಯು ನೆರವಿಗೆ ಬರುತ್ತದೆ. ಜಗಳವು ಹುಟ್ಟಲೇಬೇಕಾದರೆ, ಉತ್ತರ ಹೇಳಬಲ್ಲವನು ಇರುವಾಗ ಹುಟ್ಟುವುದೇ ಮೇಲು.

ತನ್ನ ಪಾಲನ್ನು ತಾನೇ ಕಾಯ್ದುಕೊಳ್ಳಲಾರದ ಅಂಗವಿಕಲ ಸಂತಾನವಿರುವ ಮನೆಯಲ್ಲಿ ಇದು ಇನ್ನೂ ಅವಶ್ಯ. 1882ರ ಕಾಯಿದೆಯಂತೆ ಆ ಪಾಲನ್ನು ಟ್ರಸ್ಟಾಗಿ ಏರ್ಪಡಿಸಿ, ನಂಬಿಕಸ್ಥರ ವಶಕ್ಕೆ ಕೊಡಬಹುದು. ಆದರೆ ಆ ಭಾರವನ್ನು ಹೊರಬೇಕಾದವರನ್ನು ಮೊದಲೇ ಕೇಳದೆ ಹೆಸರು ಬರೆಯುವುದು ನ್ಯಾಯವಲ್ಲ.

ಮಕ್ಕಳಿಗೂ ಕರ್ತವ್ಯವುಂಟು. ಐತರೇಯದ ಕಥೆಯಲ್ಲಿ ಯಜ್ಞಭೂಮಿಯಲ್ಲಿ ಉಳಿದ ಗೋವುಗಳು ತನ್ನವೆಂದು ಕಪ್ಪುಬಟ್ಟೆಯ ಪುರುಷನೊಬ್ಬನು ನಾಭಾನೇದಿಷ್ಠನನ್ನು ತಡೆದನು. ಅವನು ಮತ್ತೆ ತಂದೆಯನ್ನು ಕೇಳಿದನು. ಅವು ಆ ಪುರುಷನವೇ ಎಂದು ತಂದೆಯು ಹೇಳಿದನು. ಮಗನು ಹಿಂದಿರುಗಿ ಅದನ್ನೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಆ ಸತ್ಯಕ್ಕೆ ಮೆಚ್ಚಿ ಅವನು ಗೋವುಗಳನ್ನೆಲ್ಲ ಬಿಟ್ಟುಕೊಟ್ಟನು. ತನಗೆ ಪ್ರತಿಕೂಲವಾದ ಉತ್ತರವನ್ನೂ ಕೇಳಿಸಿಕೊಳ್ಳಬಲ್ಲ ಮಕ್ಕಳಿದ್ದರೆ ಹಿರಿಯರಿಗೆ ಹೇಳುವ ಧೈರ್ಯವು ಬರುವುದು. ಆದಕಾರಣ ಯಜಮಾನನು ಉಯಿಲನ್ನು ಬರೆಯಲಿ, ಸಾಕ್ಷಿಗಳ ರುಜು ಹಾಕಿಸಲಿ, ನೋಂದಾಯಿಸಲಿ. ಅದಕ್ಕೆ ಮೊದಲು ಮಕ್ಕಳೆಲ್ಲರೂ ಸೇರಿದ ಒಂದು ದಿನ, ಹೀಗೆ ಬರೆಯುತ್ತೇನೆ, ಇದೇ ಕಾರಣವೆಂದು ತನ್ನ ಬಾಯಿಂದಲೇ ಹೇಳಲಿ.